ಕಿವಿಯೊಳಗಿನದು, ಕಿವಿಯ ಮೇಲಿನದು

ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ಎರಡು ವರ್ಷಗಳಿಂದ ನಡೆದಿದೆ. ಕಿವಿಯೊಳಗೆ ತೂರಿಸುವ ಇಯರ್‌ಫೋನ್ ಒಳ್ಳೆಯದೋ, ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಒಳ್ಳೆಯದೋ ಎಂಬುದು ಜಗಳದ ವಿಷಯ. ಜಗಳವಾಡುವವರು ನಾವಿಬ್ಬರು ಅಣ್ಣತಮ್ಮಂದಿರು. ತೀರ್ಪು ಕೊಡಬೇಕಾದ ಅಬ್ಬಾಗೆ ಕಿವಿ ಸರಿಯಾಗಿ ಕೇಳುವುದಿಲ್ಲ.

ಈ ಬರಹವನ್ನು ಇಬ್ಬರೂ ಕೂತು ಬರೆಯುತ್ತಿರುವುದರಿಂದ ‘ನಾವು’ ಎಂದೇ ಬರೆಯುತ್ತೇವೆ. ಬೇರೆಬೇರೆಯಾಗಿ ಹೇಳಬೇಕಾದಲ್ಲಿ ದೊಡ್ಡವನು, ಸಣ್ಣವನು ಎಂದರೆ ಸಾಕು. ದೊಡ್ಡವನಿಗೆ ನಲವತ್ತು ದಾಟಿದೆ, ಕಲಬುರಗಿಯಲ್ಲಿ ಪಾಠ ಹೇಳುತ್ತಾನೆ. ಸಣ್ಣವನು ಮನೆಯಲ್ಲೇ ಕೂತು ಬೆಂಗಳೂರಿನ ಒಂದು ಕಂಪೆನಿಯ ಲೆಕ್ಕಪತ್ರ ನೋಡುತ್ತಾನೆ. ನಮ್ಮದು ಹುಮನಾಬಾದ್ ತಾಲೂಕಿನ ಹುಡಗಿ. ಊರ ಹೆಸರು ಹೇಳಿದರೆ ಹೊರಗಿನವರು ‘ಹುಡುಗಿ’ ಎಂದು ಕೇಳಿಸಿಕೊಂಡು ನಗುತ್ತಾರೆ. ಒಂದೇ ಒಂದು ಉಕಾರದ ವ್ಯತ್ಯಾಸ. ಕಿವಿಯ ವಿಷಯ ಬರೆಯಲು ಹೊರಟವರಿಗೆ ಇದಕ್ಕಿಂತ ತಕ್ಕ ಊರು ಸಿಗಲಾರದು.

ಅಬ್ಬಾ ಮೂವತ್ತೆರಡು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. 1976ರಲ್ಲಿ ಶುರುವಾದ ಗಿರಣಿ 2008ರಲ್ಲಿ ನಿಂತಿತು. ಜೋಳ, ಗೋಧಿ, ಕಡಲೆ, ಬೇಸಿಗೆಯಲ್ಲಿ ಮೆಣಸಿನಕಾಯಿ ಮತ್ತು ಅರಿಸಿನ. ತಗಡಿನ ಮಾಡು, ಮೂರು ಕಡೆ ಗೋಡೆ, ನಡುವೆ ಮೋಟಾರು, ಅದರ ಪಟ್ಟಾ, ಕಲ್ಲು. ಕರೆಂಟು ಬಂದಾಗ ಗಿರಣಿ. ಅದು ರಾತ್ರಿ ಹನ್ನೊಂದಕ್ಕೆ ಬಂದರೆ ಹನ್ನೊಂದಕ್ಕೇ ಬೀಸು. ಇಂಥ ಗಿರಣಿಗಳಲ್ಲಿ ಸದ್ದು 85 ಡೆಸಿಬೆಲ್ ದಾಟುವುದು ಸಾಮಾನ್ಯ. ಕಾರ್ಖಾನೆಗಳಿಗಾದರೆ ನಮ್ಮ ದೇಶದಲ್ಲಿ ದಿನಕ್ಕೆ 8 ತಾಸು, 90 ಡೆಸಿಬೆಲ್ ಎಂಬ ಮಿತಿ ಇದೆ. ಊರ ಗಿರಣಿಯ ಬಾಗಿಲಿಗೆ ಬಂದು ಅಳೆಯುವವರು ಯಾರು? ಅಬ್ಬಾ ಮೂಗಿಗೆ ಟವೆಲ್ ಕಟ್ಟುತ್ತಿದ್ದರು, ಹಿಟ್ಟಿನ ಧೂಳು ಕಣ್ಣಿಗೆ ಕಾಣುತ್ತಿತ್ತಲ್ಲ! ಕಿವಿಗೆ ಏನೂ ಕಟ್ಟಲಿಲ್ಲ.

ಅವರ ಕಿವುಡುತನ ಒಮ್ಮೆಲೇ ಬಂದದ್ದಲ್ಲ, ಪೂರ್ತಿಯೂ ಅಲ್ಲ. ಇದನ್ನು ಅರ್ಥಮಾಡಿಕೊಳ್ಳಲು ನಮಗೇ ಬಹಳ ವರ್ಷ ಹಿಡಿಯಿತು. ಕೂಗಿದರೆ ಅವರಿಗೆ ಕೇಳುತ್ತದೆ, ಆದರೆ ಮಾತು ತಿಳಿಯುವುದಿಲ್ಲ. ಊಟಕ್ಕೆ ಕೂತಾಗ ‘ಸಾರು’ ಎಂದರೆ ‘ಯಾರು?’ ಎಂದು ಬಾಗಿಲ ಕಡೆ ನೋಡುತ್ತಾರೆ. ದೊಡ್ಡ ಸದ್ದಿನಲ್ಲಿ ದುಡಿದವರ ಕಿವಿಯಲ್ಲಿ ಮೊದಲು ಹಾಳಾಗುವುದು ತೆಳ್ಳನೆಯ, ಎತ್ತರದ ಸ್ವರಗಳನ್ನು ಹಿಡಿಯುವ ಭಾಗ. ಆ, ಈ, ಊ ಎಂಬ ಸ್ವರಾಕ್ಷರಗಳು ದಪ್ಪ ಸದ್ದಿನವು, ಅವು ಉಳಿಯುತ್ತವೆ. ಸ, ಶ, ತ, ಕ, ಫ ಮೊದಲಾದ ವ್ಯಂಜನಗಳ ತೆಳು ಸದ್ದು ಹೋಗಿಬಿಡುತ್ತದೆ. ಮಾತಿನ ಮೈ ಇರುತ್ತದೆ, ಅಂಚು ಇರುವುದಿಲ್ಲ. ಅಮ್ಮಿ ಇದ್ದಷ್ಟು ದಿನ ಅಬ್ಬಾಗೆ ಇದರ ತೊಂದರೆ ಅಷ್ಟಾಗಿ ಇರಲಿಲ್ಲ. ಆಕೆಯ ತುಟಿ ನೋಡಿ ಎಲ್ಲ ತಿಳಿಯುತ್ತಿದ್ದರು. 2020ರಲ್ಲಿ ಎಲ್ಲರೂ ಮಾಸ್ಕ್ ಕಟ್ಟಿಕೊಂಡಾಗ ಊರೇ ಅವರ ಪಾಲಿಗೆ ಮೂಕವಾಯಿತು. ನಾವು ಮಾತಾಡುವುದಕ್ಕೂ ಅವರು ಎಷ್ಟೋ ಸಲ ಸುಮ್ಮನೆ ತಲೆಯಾಡಿಸುತ್ತಾರೆಂದು ಗೊತ್ತಾದದ್ದು ಆ ವರ್ಷವೇ.

ಇನ್ನು ನಮ್ಮ ಜಗಳಕ್ಕೆ ಬರೋಣ. ಕೇಳುವುದು ಎಂದರೆ ಹಾಡೇ ಆಗಬೇಕೆಂದಿಲ್ಲ. ದೊಡ್ಡವನು ಬಸ್ಸಿನಲ್ಲಿ ಕಿರಾಅತ್ ಕೇಳುತ್ತಾನೆ, ಉಪನ್ಯಾಸ ಕೇಳುತ್ತಾನೆ, ಹಳೆಯ ಗಜಲ್ ಕೇಳುತ್ತಾನೆ. ಸಣ್ಣವನು ಕೆಲಸ ಮಾಡುತ್ತ ಬಹುತೇಕ ಇಡೀ ದಿನ ಏನನ್ನಾದರೂ ಕೇಳುತ್ತಿರುತ್ತಾನೆ, ಏನೆಂದು ಅವನಿಗೇ ನೆನಪಿರುವುದಿಲ್ಲ.

ದೊಡ್ಡವನ ಹತ್ತಿರ ಇರುವುದು ಸುಮಾರು 1,800 ರೂಪಾಯಿಯ ತಂತಿಯ ಇಯರ್‌ಫೋನ್. ಇನ್-ಇಯರ್ ಮಾನಿಟರ್ ಎಂಬ ಜಾತಿಯದು. ತಂತಿ ಕಿವಿಯ ಮೇಲಿಂದ ಸುತ್ತಿ ಹಿಂದಕ್ಕೆ ಇಳಿಯುತ್ತದೆ, ರಬ್ಬರಿನ ತುದಿ ಕಿವಿಯ ದಾರಿಯಲ್ಲಿ ಬಿರಡೆಯಂತೆ ಕೂರುತ್ತದೆ. ಈ ಹೆಸರು ಬಂದದ್ದು ವೇದಿಕೆಯಿಂದ. ಹಾಡುವವರು, ಬಾರಿಸುವವರು ತಮ್ಮ ಸದ್ದನ್ನು ತಾವೇ ಕೇಳಿಸಿಕೊಳ್ಳಲೆಂದು ಮೊದಲು ಕಾಲ ಬಳಿ ಸ್ಪೀಕರ್ ಇಟ್ಟುಕೊಳ್ಳುತ್ತಿದ್ದರು, ಅವಕ್ಕೆ ಮಾನಿಟರ್ ಎಂದು ಹೆಸರು. ಅದನ್ನೇ ಕಿವಿಯೊಳಗೆ ಇಟ್ಟರೆ ಸದ್ದನ್ನು ತಗ್ಗಿಸಬಹುದಲ್ಲ ಎಂದು ಅಮೆರಿಕದ ಸೌಂಡ್ ಎಂಜಿನಿಯರ್ ಜೆರ‍್ರಿ ಹಾರ್ವೆ 1995ರಲ್ಲಿ ವ್ಯಾನ್ ಹೇಲನ್ ತಂಡದ ಡ್ರಮ್ ವಾದಕನಿಗಾಗಿ ಒಂದು ಜೊತೆ ಮಾಡಿಕೊಟ್ಟ. ಅದಕ್ಕೂ ಮೊದಲು 1991ರಲ್ಲೇ ಎಟಿಮೋಟಿಕ್ ಎಂಬ ಕಂಪೆನಿ ಕಿವಿಯೊಳಗೆ ಆಳವಾಗಿ ಕೂರುವ ಇಯರ್‌ಫೋನ್ ಹೊರತಂದಿತ್ತು. ಅದರೊಳಗೆ ಇದ್ದದ್ದು ಶ್ರವಣ ಸಾಧನಗಳಲ್ಲಿ ಬಳಸುವಂಥ ಪುಟ್ಟ ರಿಸೀವರ್. ಅಂದರೆ ಜನ ಶೋಕಿಗೆಂದು ಹಾಕಿಕೊಳ್ಳುವ ಈ ವಸ್ತು, ಅಬ್ಬಾ ಹಾಕಿಕೊಳ್ಳಲು ನಾಚಿ ಡಬ್ಬಿಯಲ್ಲಿ ಮುಚ್ಚಿಟ್ಟಿರುವ ಕಿವಿ ಮಷೀನಿನ ಹತ್ತಿರದ ಬಂಧು. ಇದನ್ನು ಅವರಿಗೆ ಹೇಳಿದಾಗ ನಂಬಲಿಲ್ಲ.

ಸಣ್ಣವನದು ದೊಡ್ಡ ಹೆಡ್‌ಫೋನ್, 6,000 ರೂಪಾಯಿ ಆಸುಪಾಸಿನದು. ಇದರ ಮನೆತನ ಹಳೆಯದು. 1910ರಲ್ಲಿ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್ವಿನ್ ಎಂಬಾತ ಅಡುಗೆಮನೆಯ ಮೇಜಿನ ಮೇಲೆ ಮಾಡಿದ ಹೆಡ್‌ಫೋನ್ ಅಲ್ಲಿಯ ನೌಕಾಪಡೆಗೆ ಹೋಯಿತು. ಸಂಗೀತ ಕೇಳಲೆಂದೇ ಎರಡು ಕಿವಿಗೆ ಬೇರೆಬೇರೆ ಸದ್ದು ಕೊಡುವ ಹೆಡ್‌ಫೋನನ್ನು ಜಾನ್ ಕಾಸ್ 1958ರಲ್ಲಿ ತಂದ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪೆನಿ ಹಿಂಬದಿ ತೆರೆದಿರುವ ಹೆಡ್‌ಫೋನ್ ಮಾಡಿತು. ಸಣ್ಣವನದೂ ಈ ತೆರೆದ ಜಾತಿಯದೇ. ಬಟ್ಟಲಿನ ಹಿಂದೆ ಗೋಡೆಯ ಬದಲು ಜಾಲರಿ ಇರುತ್ತದೆ. ಸದ್ದು ಕಿವಿಗೂ ಹೋಗುತ್ತದೆ, ಹೊರಗೂ ಹೋಗುತ್ತದೆ. ಹೊರಗಿನದೂ ಒಳಗೆ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಹಾಡುವುದಕ್ಕೂ ಅಂಗಳದಲ್ಲಿ ಹಾಡುವುದಕ್ಕೂ ಇರುವ ವ್ಯತ್ಯಾಸ ಇದರಲ್ಲಿದೆ. ತಬಲಾ ಎಡಗಡೆ ಎಷ್ಟು ದೂರ, ಸಾರಂಗಿ ಬಲಗಡೆ ಎಷ್ಟು ದೂರ ಎಂದು ಬೆರಳು ತೋರಿಸಿ ಹೇಳಬಹುದು. ಕಿವಿಯೊಳಗಿನದರಲ್ಲಿ ಎಲ್ಲವೂ ತಲೆಯ ನಡುವೆ ನಡೆಯುತ್ತಿರುವಂತೆ ಕೇಳುತ್ತದೆ. ನಮ್ಮ ಹೊರಕಿವಿಯ ಮಡಿಕೆಗಳು ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯಲು ಇರುವಂಥವು. ಇಯರ್‌ಫೋನ್ ಅವನ್ನು ದಾಟಿ ಒಳಗೇ ಹೋಗಿಬಿಡುತ್ತದೆ, ದೊಡ್ಡ ಹೆಡ್‌ಫೋನ್ ಅವುಗಳಿಗೆ ಸ್ವಲ್ಪ ಕೆಲಸ ಉಳಿಸುತ್ತದೆ.

ಇಷ್ಟನ್ನು ಹೇಳಿದರೆ ಸಣ್ಣವನು ಗೆದ್ದಂತೆ ಕಾಣುತ್ತದೆ. ಆದ್ದರಿಂದ ದೊಡ್ಡವನು ಒಂದು ಷರತ್ತು ಹಾಕಿದ. ಒಂದು ತಿಂಗಳು ಅದಲುಬದಲು ಮಾಡಿಕೊಳ್ಳೋಣ, ಆಮೇಲೆ ಮಾತಾಡು ಎಂದ. 2024ರ ಏಪ್ರಿಲ್ ತಿಂಗಳು.

ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲು ಹೇಗಿರುತ್ತದೆಂದು ಬೀದರ್–ಕಲಬುರಗಿ ಕಂಡವರಿಗೆ ಹೇಳಬೇಕಾಗಿಲ್ಲ. ಹುಡಗಿಯಿಂದ ಹುಮನಾಬಾದ್, ಅಲ್ಲಿಂದ ಕಲಬುರಗಿ, ಹೋಗಿ ಬರಲು ದಿನಕ್ಕೆ ಮೂರು ತಾಸಾದರೂ ಬಸ್ಸು. (2017ರಲ್ಲಿ ಬೀದರ್–ಕಲಬುರಗಿ ರೈಲುದಾರಿ ತೆರೆದ ಮೇಲೆ ಹುಮನಾಬಾದಿನಲ್ಲೇ ರೈಲು ಹತ್ತಬಹುದು, ಆದರೆ ಅದರ ಹೊತ್ತು ಶಾಲೆಯ ಹೊತ್ತಿಗೆ ಹೊಂದುವುದಿಲ್ಲ.) ಮೊದಲ ದಿನವೇ ದೊಡ್ಡವನ ಕಿವಿ ಎರಡೂ ಬೆವರಿನಲ್ಲಿ ಬೆಂದವು. ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚುವಂತಿಲ್ಲ, ಬಟ್ಟಲು ಅಡ್ಡ ಬರುತ್ತದೆ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು, “ಸರ್ರ, ನಿಮ್ಮ ಹಾಡು ನನಗೂ ಕೇಳ್ಲತದ, ಛಲೋ ಅದ ಬಿಡ್ರಿ,” ಎಂದರು. ಒಳ್ಳೆಯ ಮನುಷ್ಯರು, ಮಾತಿನಲ್ಲಿ ದೂರಿತ್ತೋ ಇಲ್ಲವೋ ತಿಳಿಯಲಿಲ್ಲ.

ಇವೆಲ್ಲ ಸಣ್ಣ ವಿಷಯ. ದೊಡ್ಡ ವಿಷಯ ನಾಲ್ಕನೆಯ ದಿನ ಗಮನಕ್ಕೆ ಬಂತು. ಮನೆಯಲ್ಲಿ ಫೋನಿನ ಸದ್ದನ್ನು ಅರ್ಧಕ್ಕೆ ಇಟ್ಟರೆ ಸಾಕಾಗುವ ಆ ಹೆಡ್‌ಫೋನಿಗೆ ಬಸ್ಸಿನಲ್ಲಿ ತುದಿಯವರೆಗೆ ಏರಿಸಿದರೂ ಮಾತು ಸ್ಪಷ್ಟವಾಗುತ್ತಿರಲಿಲ್ಲ. ಫೋನಿನ ಆ್ಯಪಿನಲ್ಲಿ ನೋಡಿದರೆ ಬಸ್ಸಿನ ಒಳಗಿನ ಸದ್ದು 78ರಿಂದ 84 ಡೆಸಿಬೆಲ್ ನಡುವೆ ಕುಣಿಯುತ್ತಿತ್ತು. ಆ್ಯಪನ್ನು ಪೂರ್ತಿ ನಂಬಬಾರದು, ಆದರೂ ಅಂದಾಜಿಗೆ ಸಾಕು. ಮಾತು ತಿಳಿಯಬೇಕಾದರೆ ಅದು ಸುತ್ತಲಿನ ಗದ್ದಲಕ್ಕಿಂತ ಮೇಲಿರಬೇಕು. ಅಂದರೆ 90ರ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು ವಾರಕ್ಕೆ 40 ತಾಸು ಕೇಳಬಹುದಾದ ಸದ್ದು 80 ಡೆಸಿಬೆಲ್. ಅದು 3 ಡೆಸಿಬೆಲ್ ಏರಿದ ಹಾಗೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ತಾಸು, 86ಕ್ಕೆ 10, 90 ಮುಟ್ಟಿದರೆ ವಾರಕ್ಕೆ 4 ತಾಸು. ದೊಡ್ಡವನ ಬಸ್ಸಿನ ಹೊತ್ತು ವಾರಕ್ಕೆ 18 ತಾಸು.

ಈಗ ಅವನ ಇಯರ್‌ಫೋನನ್ನು ನೋಡಿ. ರಬ್ಬರು ತುದಿ ಸರಿಯಾಗಿ ಕೂತರೆ ಹೊರಗಿನ ಗದ್ದಲದಲ್ಲಿ 20–25 ಡೆಸಿಬೆಲ್ ಕಡಿಮೆಯಾಗುತ್ತದೆ. ಬಸ್ಸಿನ 82 ಒಳಗೆ 60ರ ಹತ್ತಿರ ಬರುತ್ತದೆ, ಆಗ 70–75ರಲ್ಲಿ ಆರಾಮಾಗಿ ಕೇಳಬಹುದು. ಕಿವಿಯೊಳಗೆ ಇಡುವುದು ಕೆಟ್ಟದ್ದು, ತಮಟೆಗೆ ಹತ್ತಿರ ಹೋಗುತ್ತದೆ, ಹೊರಗೆ ಇಡುವುದು ಒಳ್ಳೆಯದು ಎಂದು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಮಕ್ಕಳಿಗೂ ಅದನ್ನೇ ಹೇಳುತ್ತೇವೆ. ಆದರೆ ತಮಟೆಗೆ ತಟ್ಟುವ ಸದ್ದು ಎಷ್ಟು ಎಂಬುದೇ ಮುಖ್ಯ, ಅದು ಎಲ್ಲಿಂದ ಬಂತೆಂಬುದು ಕಿವಿಗೆ ಬೇಕಾಗಿಲ್ಲ. ಗದ್ದಲದ ನಡುವೆ ತೆರೆದ ಹೆಡ್‌ಫೋನ್ ಹಾಕಿಕೊಂಡು ಸದ್ದು ಏರಿಸುವವನಿಗಿಂತ ಬಿರಡೆ ಹಾಕಿಕೊಂಡು ಸದ್ದು ತಗ್ಗಿಸುವವನ ಕಿವಿ ಹೆಚ್ಚು ಸುರಕ್ಷಿತ. ತಗ್ಗಿಸಿದರೆ ಮಾತ್ರ, ಅದನ್ನು ಮರೆಯಬಾರದು. ಬಿರಡೆಯೂ ಇದೆ, ಸದ್ದೂ ಪೂರ್ತಿ ಇದೆ ಎಂದಾದರೆ ಗಿರಣಿಯನ್ನು ಕಿವಿಯೊಳಗೇ ಇಟ್ಟುಕೊಂಡ ಹಾಗೆ.

ಗದ್ದಲವನ್ನು ಎದುರು ಸದ್ದಿನಿಂದ ಅಳಿಸುವ ಹೆಡ್‌ಫೋನುಗಳೂ ಇವೆ. ಬಂಗಾಳಿ ತಂದೆಯ ಮಗ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಕೂತು ಯೋಚಿಸಿದ ವಿದ್ಯೆಯದು, 1989ರಲ್ಲಿ ಪೈಲಟ್‌ಗಳ ಕಿವಿಗೆ ಬಂತು. ಎಂಜಿನ್ನಿನ ಗುಂಯ್‌ಗುಡುವಿಕೆಯನ್ನು ಚೆನ್ನಾಗಿ ನುಂಗುತ್ತದೆ. ನಮ್ಮ ಬಸ್ಸಿನ ತಗಡು ಗಲಗಲ, ಲಾರಿ ಹಾರನ್ನು ಅಷ್ಟಾಗಿ ನುಂಗುವುದಿಲ್ಲ. ಸಹೋದ್ಯೋಗಿಯೊಬ್ಬರದನ್ನು ಒಂದು ದಿನ ಹಾಕಿ ನೋಡಿದ್ದೇವೆ, ಬೆಲೆ ಕೇಳಿ ತೆಗೆದುಕೊಟ್ಟಿದ್ದೇವೆ.

ಇತ್ತ ಮನೆಯಲ್ಲಿ ಸಣ್ಣವನಿಗೆ ಇಯರ್‌ಫೋನು ಮೊದಲು ಮೂರು ದಿನ ಒಗ್ಗಲಿಲ್ಲ. ತಾನು ಮಾತಾಡಿದರೆ ಕೊಡದೊಳಗೆ ತಲೆ ಹಾಕಿ ಮಾತಾಡಿದಂತೆ, ರೊಟ್ಟಿ ಅಗಿದರೆ ಕಲ್ಲು ಅಗಿದಂತೆ. ಕಿವಿಯ ಬಾಯಿ ಮುಚ್ಚಿದಾಗ ನಮ್ಮ ಎಲುಬಿನ ಮೂಲಕ ಬರುವ ಸದ್ದು ಹೊರಗೆ ಹೋಗಲಾರದೆ ಒಳಗೇ ಗುಡುಗುತ್ತದೆ. ಅವನ ಬಲಗಿವಿಗೆ ನಡುವಿನ ಅಳತೆಯ ರಬ್ಬರು, ಎಡಗಿವಿಗೆ ಸಣ್ಣದು ಬೇಕಾಯಿತು. ಒಬ್ಬನ ಎರಡು ಕಿವಿಗಳೇ ಒಂದೇ ಅಳತೆಯವಲ್ಲ ಎಂದು ಅವನಿಗೆ ಆವತ್ತೇ ಗೊತ್ತಾದದ್ದು. ತುದಿ ಸರಿಯಾಗಿ ಕೂರದಿದ್ದರೆ ಮಂದ್ರ ಸ್ವರವೆಲ್ಲ ಸೋರಿಹೋಗುತ್ತದೆ. ಹಾಡು ತಗಡಿನ ಡಬ್ಬಿಯಿಂದ ಬಂದಂತೆ ಕೇಳುತ್ತದೆ. ಎಷ್ಟೋ ಜನ ಇಯರ್‌ಫೋನ್ ಕೆಟ್ಟದ್ದೆಂದು ಬೈಯುವುದು ಈ ತುದಿಯ ತಪ್ಪಿಗೆ. ಸರಿಯಾದ ತುದಿ ಸಿಕ್ಕ ಮೇಲೆ ಅವನಿಗೂ ಅದರ ರುಚಿ ಹತ್ತಿತು. ಉಸಿರಾಟ, ತಂತಿಯ ಮೇಲೆ ಬೆರಳು ಜಾರುವುದು, ಹಾರ್ಮೋನಿಯಂ ಕೀಲಿಯ ಟಕ್ ಎಂಬ ಸದ್ದು, ಎಲ್ಲವೂ ಕೇಳುತ್ತಿತ್ತು. ಮನೆ ಮಾತ್ರ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಭಾಬಿ ಮಕ್ಕಳನ್ನು ಕರೆದುಕೊಂಡು ಹುಮನಾಬಾದಿಗೆ ಹೋಗಿದ್ದರು. ಮನೆಯಲ್ಲಿ ಸಣ್ಣವನು ಮತ್ತು ಅಬ್ಬಾ ಇಬ್ಬರೇ. ಜೊಹರ್ ನಮಾಜಿಗೆ ವುಜೂ ಮಾಡಲು ಅಬ್ಬಾ ಹಿತ್ತಲಿನ ಬಚ್ಚಲಿಗೆ ಹೋದರು. ಆ ಬಾಗಿಲಿನ ಚಿಲಕ ಬಿಗಿ, ಎರಡು ತಿಂಗಳಿಂದ ಸರಿಮಾಡಿಸಬೇಕೆಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳುತ್ತಿದ್ದೆವು. ಅಂದು ಅದು ಒಳಗಿನಿಂದ ಸಿಕ್ಕಿಬಿತ್ತು. ಎಪ್ಪತ್ತು ದಾಟಿದ ಮನುಷ್ಯ, ತಗಡಿನ ಮಾಡು, ಏಪ್ರಿಲ್ ಮಧ್ಯಾಹ್ನ. ಅವರು ಕೂಗಿದರು, ಬಾಗಿಲು ಬಡಿದರು, ಕೊನೆಗೆ ತಂಬಿಗೆಯಿಂದ ಬಡಿದರು. ಸಣ್ಣವನು ಹತ್ತು ಹೆಜ್ಜೆ ದೂರದ ಕೋಣೆಯಲ್ಲಿ ಎರಡೂ ಕಿವಿಗೆ ಬಿರಡೆ ಹಾಕಿಕೊಂಡು ಲೆಕ್ಕ ಬರೆಯುತ್ತಿದ್ದ. ಗೋಡೆಯಾಚೆಯ ಪಕ್ಕದ ಮನೆಯ ಅಜ್ಜಿಗೆ ಕೇಳಿತು, ಅವನಿಗೆ ಕೇಳಲಿಲ್ಲ. ಆಕೆ ಬಂದು ಭುಜ ಹಿಡಿದು ಅಲುಗಿಸಿ, “ಯಪ್ಪಾ, ನಿಮ್ಮ ಅಬ್ಬಾ ಅರ್ಧ ತಾಸಿನಿಂದ ಒದರ್ಲತಾರ, ನೀ ಏನ್ ಮಾಡ್ಲತಿ?” ಎಂದಳು.

ಬಾಗಿಲು ಮುರಿದು ತೆಗೆದಾಗ ಅಬ್ಬಾ ಬಕೆಟ್ಟು ಮಗುಚಿ ಅದರ ಮೇಲೆ ಕೂತಿದ್ದರು. ಅಂಗಿ ಪೂರ್ತಿ ತೊಯ್ದಿತ್ತು, ಕೈ ನಡುಗುತ್ತಿತ್ತು. ನೀರು ಕುಡಿದು ಸ್ವಲ್ಪ ಹೊತ್ತಾದ ಮೇಲೆ ಸಣ್ಣವನು ಅಳು ತಡೆದುಕೊಂಡು ಇಯರ್‌ಫೋನ್ ತೋರಿಸಿ ಮಾಫಿ ಕೇಳಿದ. ಅಬ್ಬಾ ಅದನ್ನು ಕೈಯಲ್ಲಿ ಹಿಡಿದು ನೋಡಿದರು. ಮನೆಯಲ್ಲಿ ನಮ್ಮದು ದಖನಿ ಮಾತು, ಇಲ್ಲಿ ಊರ ಕನ್ನಡದಲ್ಲಿ ಬರೆಯುತ್ತಿದ್ದೇವೆ. “ನಾ ಗಿರಣ್ಯಾಗ ಇದ್ದಾಗ ನಿಮ್ಮ ಅಮ್ಮಿ ಕರದ್ರ ನನಗೂ ಕೇಳ್ತಿದ್ದಿಲ್ಲ. ಆಕಿ ಎಂದಾರ ಸಿಟ್ಟಾಗ್ಯಾಳೇನು?” ಎಂದರು. ಸಿಟ್ಟು ಮಾಡಿದ್ದರೆ ನಮಗೆ ಸುಲಭವಿತ್ತು.

ಅಂದು ಸಂಜೆಯೇ ಅದಲುಬದಲು ಮುಗಿಯಿತು. ಇಯರ್‌ಫೋನ್ ಬಸ್ಸಿಗೆ ಹೋಯಿತು, ಹೆಡ್‌ಫೋನ್ ಮನೆಗೆ ಬಂತು, ಚಿಲಕ ಹೊಸದಾಯಿತು. ತೆರೆದ ಹೆಡ್‌ಫೋನಿನಲ್ಲಿ ಹಾಲು ಉಕ್ಕುವುದು ಕೇಳುತ್ತದೆ, ಅಂಗಳದಲ್ಲಿ ಕೋಳಿ ಬೆದರಿದ್ದು ಕೇಳುತ್ತದೆ, ಅಜಾನ್ ಕೇಳುತ್ತದೆ, ಅಬ್ಬಾ ಕೆಮ್ಮಿದ್ದು ಕೇಳುತ್ತದೆ. ಸಂಗೀತಪ್ರಿಯರು ಇದನ್ನು ಅದರ ದೋಷವೆಂದು ಬರೆಯುತ್ತಾರೆ. ಮುದುಕರಿರುವ, ಮಕ್ಕಳಿರುವ ಮನೆಯಲ್ಲಿ ಅದೊಂದು ಗುಣ. ಬೈಕಿನ ಮೇಲೆ, ಹೆದ್ದಾರಿ ದಾಟುವಾಗ ಮಾತ್ರ ಎರಡೂ ಬೇಡ. ಹುಮನಾಬಾದಿನಲ್ಲಿ ಸೊಲ್ಲಾಪುರ–ಹೈದರಾಬಾದ್ ಲಾರಿಗಳ ನಡುವೆ ಕಿವಿಗೆ ತಂತಿ ಸಿಕ್ಕಿಸಿಕೊಂಡು ಗಾಡಿ ಓಡಿಸುವ ಹುಡುಗರನ್ನು ದಿನವೂ ನೋಡುತ್ತೇವೆ, ಮೈ ಜುಂ ಎನ್ನುತ್ತದೆ.

ಇಯರ್‌ಫೋನಿನ ಇನ್ನೊಂದು ಕೆಡುಕನ್ನು ದೊಡ್ಡವನು ಆ ಮಳೆಗಾಲದಲ್ಲಿ ಅನುಭವಿಸಿದ. ಒದ್ದೆ ಕಿವಿಗೆ ಹಾಕಿಕೊಂಡು, ರಬ್ಬರು ತುದಿ ತೊಳೆಯದೆ, ಮೇಲಿಂದ ಕಡ್ಡಿ ಹಾಕಿ ಕೆರೆದು ಬೂಷ್ಟು ಬರಿಸಿಕೊಂಡ. ಕಿವಿಯ ಡಾಕ್ಟರು ತೊಳೆದು ಔಷಧ ಹಾಕಿ, ಮೂರು ವಾರ ಕಿವಿಯಲ್ಲಿ ಏನನ್ನೂ ಇಡಬೇಡಿ ಎಂದರು. ಜೊತೆಗೆ, “ಕಿವಿ ಟೆಸ್ಟ್ ಒಂದ್ಸಲ ಮಾಡಿಸ್ರಿ ಸರ್, ವಯಸ್ಸಾತು,” ಎಂದರು. ಹೇಗೂ ಹೋಗುವುದು ಇದ್ದೇ ಇದೆ, ಅಬ್ಬಾರನ್ನೂ ಕರೆದುಕೊಂಡು ಹೋಗೋಣವೆಂದು ಮೂವರೂ ಒಂದು ದಿನ ಕಲಬುರಗಿಗೆ ಹೋದೆವು.

ಆ ಪರೀಕ್ಷೆಯನ್ನು ಮಾಡಿಸಿಕೊಳ್ಳದವರಿಗಾಗಿ ಹೇಳುವುದಾದರೆ, ಸದ್ದಿಲ್ಲದ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಕಿವಿಯ ಮೇಲೆ ದೊಡ್ಡ ಹೆಡ್‌ಫೋನ್ ಹಾಕುತ್ತಾರೆ (ಸಣ್ಣವನು ಗೆದ್ದವನಂತೆ ದೊಡ್ಡವನ ಮುಖ ನೋಡಿದ). ಟೂಂ, ಟೀಂ ಎಂದು ಸಣ್ಣ ಸದ್ದು ಬರುತ್ತದೆ, ಕೇಳಿದಾಗ ಗುಂಡಿ ಒತ್ತಬೇಕು. ಫಲಿತಾಂಶ ಒಂದು ಹಾಳೆಯಲ್ಲಿ ಗೆರೆಯಾಗಿ ಬರುತ್ತದೆ. ಎಡದಿಂದ ಬಲಕ್ಕೆ ದಪ್ಪ ಸದ್ದಿನಿಂದ ತೆಳು ಸದ್ದಿಗೆ, 250ರಿಂದ 8,000 ಹರ್ಟ್ಸ್‌ವರೆಗೆ. ಗೆರೆ ಮೇಲಿದ್ದರೆ ಕಿವಿ ಚೆನ್ನಾಗಿದೆ, ಕೆಳಗೆ ಇಳಿದಷ್ಟೂ ಕಿವುಡು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಅಡ್ಡಗೀಟು.

ಅಬ್ಬಾನ ಗೆರೆ 1,000ದ ತನಕ ಹೇಗೋ ನಡೆದು, ಅಲ್ಲಿಂದ ಬಾವಿಯ ಮೆಟ್ಟಿಲಿನಂತೆ ಇಳಿದು, 4,000ದ ಹತ್ತಿರ 70 ಡೆಸಿಬೆಲ್ ಮುಟ್ಟಿತ್ತು. ಗಿರಣಿಯ ಪಾಲೂ ಇದೆ, ವಯಸ್ಸಿನ ಪಾಲೂ ಇದೆ ಎಂದರು ಆಡಿಯಾಲಜಿಸ್ಟ್. ಸಣ್ಣವನದು ನೆಟ್ಟಗಿತ್ತು. ದೊಡ್ಡವನದು ಸುರುವಿನಲ್ಲಿ ನೆಟ್ಟಗೆ ಬಂದು, 4,000ದಲ್ಲಿ 35ಕ್ಕೆ ಧುಮುಕಿ, 8,000ಕ್ಕೆ ಮತ್ತೆ ಏರಿತ್ತು. ಹಲ್ಲು ಬಿದ್ದ ಸಾಲಿನಂತೆ ಒಂದು ಸಂದು. ಸದ್ದಿನಿಂದ ಪೆಟ್ಟಾದ ಕಿವಿಯ ಗುರುತು ಅದು.

ಕಿವಿಯೊಳಗಿನ ಶಂಖದಲ್ಲಿ ಹುಟ್ಟುವಾಗಲೇ ಸುಮಾರು 15,000 ಕೂದಲುಕಣಗಳಿರುತ್ತವೆ. ಸದ್ದಿನ ಅಲೆಯನ್ನು ನರಕ್ಕೆ ದಾಟಿಸುವವು ಅವೇ. ಸತ್ತರೆ ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಹಾಗಾದರೆ ದೊಡ್ಡವನ ಕಿವಿಯಲ್ಲಿ ಅವನ್ನು ಕೊಂದದ್ದು ಯಾವುದು? ಶಾಲೆ ಬಿಟ್ಟ ಮೇಲೆ ಹತ್ತಾರು ವರ್ಷ ಅಬ್ಬಾನ ಗಿರಣಿಯಲ್ಲಿ ಹಿಟ್ಟು ತುಂಬಿಸಿದವನೂ ಅವನೇ. ಆಮೇಲೆ ಫೋನಿನ ಜೊತೆ ಪುಕ್ಕಟೆ ಬರುತ್ತಿದ್ದ, ಕಿವಿಯಲ್ಲಿ ನೆಟ್ಟಗೆ ಕೂರದ ಪ್ಲಾಸ್ಟಿಕ್ ಇಯರ್‌ಫೋನ್ ಹಾಕಿಕೊಂಡು ಬಸ್ಸಿನಲ್ಲಿ ಸದ್ದು ತುದಿಗೇರಿಸಿ ವರ್ಷಗಟ್ಟಲೆ ಕೇಳಿದವನೂ ಅವನೇ. ಹಾಳೆ ನೋಡಿ ಅದನ್ನು ಹೇಳಲಾಗದು ಎಂದರು.

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಅಬ್ಬಾ ಎರಡೂ ಹಾಳೆಗಳನ್ನು ತೊಡೆಯ ಮೇಲೆ ಪಕ್ಕಪಕ್ಕ ಇಟ್ಟುಕೊಂಡರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಅಳತೆಯ ಮನುಷ್ಯ, ಗೆರೆ ತಿಳಿಯುತ್ತದೆ. ತಮ್ಮ ಗೆರೆ ಇಳಿದಲ್ಲಿ ಬೆರಳಿಟ್ಟು, ಹಾಗೇ ನೆಟ್ಟಗೆ ಮಗನ ಹಾಳೆಗೆ ಬೆರಳು ಎಳೆದರು. ಒಂದೇ ಜಾಗ. “ನಿನ್ನ ಗಿರಣಿಗೆ ಕರಿಬಾರದಿತ್ತು,” ಎಂದರು. ಅದು ಗಿರಣಿಯದಲ್ಲ ಅಬ್ಬಾ, ಬಸ್ಸಿನಲ್ಲಿ ಹಾಡು ಕೇಳಿದ್ದರದು ಎಂದು ದೊಡ್ಡವನು ಎರಡು ಮೂರು ಸಲ ಜೋರಾಗಿ ಹೇಳಿದ. ಅಕ್ಕಪಕ್ಕದವರು ತಿರುಗಿ ನೋಡಿದರು. ಅಬ್ಬಾಗೆ ತಿಳಿಯಿತೋ, ಬರೀ ತಲೆಯಾಡಿಸಿದರೋ ಗೊತ್ತಾಗಲಿಲ್ಲ.

ಇದಕ್ಕೂ ಕೆಲವು ತಿಂಗಳ ಹಿಂದಿನ ಒಂದು ಸಂಗತಿ ಇಲ್ಲಿ ಹೇಳಬೇಕು. ಅಬ್ಬಾ ಗಿರಣಿಯಲ್ಲಿ ಒಂದು ರೇಡಿಯೋ ಇಟ್ಟುಕೊಂಡಿದ್ದರು. ಬುಧವಾರ ರಾತ್ರಿ ಎಂಟಕ್ಕೆ ಕರೆಂಟಿರಲಿ, ಜೋಳದ ಚೀಲಗಳ ಸಾಲೇ ಇರಲಿ, ಗಿರಣಿ ಒಂದು ತಾಸು ಬಂದ್. ಸಿಲೋನ್ ರೇಡಿಯೋದಲ್ಲಿ ಬಿನಾಕಾ ಗೀತಮಾಲಾ, ಅಮೀನ್ ಸಯಾನಿಯವರ ದನಿ. 1952ರಲ್ಲಿ ಶುರುವಾಗಿ ದಶಕಗಳ ಕಾಲ ನಡೆದ ಕಾರ್ಯಕ್ರಮವದು. ಬೀಸಲು ಬಂದ ಹೆಣ್ಣುಮಕ್ಕಳೂ ಬುಟ್ಟಿ ಇಳಿಸಿ ಕೂತು ಕೇಳುತ್ತಿದ್ದರಂತೆ, ಅವರು ‘ಬೆಹನೋ’ ಎಂದು ಹೆಂಗಸರನ್ನೇ ಮೊದಲು ಕರೆಯುತ್ತಿದ್ದರಲ್ಲ! ಮಾಣಿಕನಗರದಲ್ಲಿ ದತ್ತ ಜಯಂತಿಯ ಸಂಗೀತ ದರ್ಬಾರಿಗೂ ಅಬ್ಬಾ ಚಾದರ ಹೊದ್ದು ಹೋಗುತ್ತಿದ್ದರು, ಬೆಳಗಿನ ತನಕ ಹೊರಗೆ ಕೂತು ಕೇಳಿ ಬರುತ್ತಿದ್ದರು. ಮಾಣಿಕ ಪ್ರಭುಗಳ ಆ ಅಂಗಳದಲ್ಲಿ ಯಾರು ಎತ್ತ ಎಂದು ಕೇಳುವವರಿಲ್ಲ. ಆಮೇಲೆ ಒಂದು ವರ್ಷ ಹೋಗುವುದನ್ನು ಬಿಟ್ಟರು. ಚಳಿ ಎಂದರು, ನಾವು ನಂಬಿದೆವು.

2024ರ ಫೆಬ್ರವರಿ 20ರಂದು ಅಮೀನ್ ಸಯಾನಿಯವರು 91ನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಸುದ್ದಿಯನ್ನು ಅಬ್ಬಾ ಉರ್ದು ಪತ್ರಿಕೆಯಲ್ಲಿ ಓದಿದರು. ಅಂದು ರಾತ್ರಿ ಸಣ್ಣವನಿಗೆ ಏನು ತೋಚಿತೋ, ಅವರ ಕಾರ್ಯಕ್ರಮದ ಹಳೆಯ ಮುದ್ರಿಕೆಯೊಂದನ್ನು ಹುಡುಕಿದ. ಮೊದಲು ಇಯರ್‌ಫೋನ್ ಕೊಟ್ಟು ನೋಡಿದೆವು. ಕಿವಿ ಮಷೀನು ಕೂರಿಸಿ ಕೂರಿಸಿ ಬೇಸತ್ತ ಕಿವಿ, ಒಳಗೆ ಏನು ತೂರಿಸಿದರೂ ಅವರಿಗೆ ಆಗದು, ಕಿತ್ತು ಕೊಟ್ಟರು. ಹೆಡ್‌ಫೋನನ್ನು ಟೋಪಿಯಂತೆ ತಲೆಯ ಮೇಲೆ ಇಟ್ಟಾಗ ಸುಮ್ಮನೆ ಇಟ್ಟುಕೊಂಡರು. ಸಣ್ಣವನು ಫೋನಿನಲ್ಲಿ 2,000 ಹರ್ಟ್ಸ್‌ಗಿಂತ ಮೇಲಿನ ಸದ್ದುಗಳನ್ನಷ್ಟೇ ಏರಿಸಿದ. ಕಿವಿ ಮಷೀನೂ ಮಾಡುವುದು ಅದನ್ನೇ, ಹೋದದ್ದನ್ನು ಎತ್ತಿ ಕೊಡುವುದು. ಅಮೆರಿಕದಲ್ಲಿ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಕಂಪೆನಿಯ ಇಯರ್‌ಬಡ್ಡನ್ನೇ ಅಲ್ಪಸ್ವಲ್ಪ ಕಿವುಡಿರುವ ದೊಡ್ಡವರು ಶ್ರವಣ ಸಾಧನವಾಗಿ ಬಳಸಲು ಅಲ್ಲಿಯ ಸರಕಾರಿ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಅಬ್ಬಾರಂಥ ಕಿವಿಗೆ ಅದು ಸಾಲದು.

ಮೊದಲ ನಿಮಿಷ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಕೈ ಎತ್ತಿ ನಮ್ಮನ್ನು ಸುಮ್ಮನಿರಿಸಿದರು. ನಾವೇನೂ ಮಾತಾಡುತ್ತಿರಲಿಲ್ಲ. ತೆರೆದ ಹೆಡ್‌ಫೋನ್ ಆದ್ದರಿಂದ ಅವರಿಗೆ ಕೇಳುತ್ತಿದ್ದದ್ದು ಮಂಚದ ಬಳಿ ಕೂತ ನಮಗೂ ಸಣ್ಣಗೆ ಕೇಳುತ್ತಿತ್ತು. ಒಂದು ಕಡೆ ಸಯಾನಿಯವರು ನಕ್ಕಾಗ ಅಬ್ಬಾ ಅವರಿಗಿಂತ ಮೊದಲೇ ನಕ್ಕರು. ಮುಗಿದ ಮೇಲೆ, “ಇವ್ರು ಎಷ್ಟ್ ಸ್ವಚ್ಛ ಮಾತಾಡ್ತಾರ ನೋಡ್ರಿ, ನೀವ್ಯಾಕ ಹಿಂಗ ಮಾತಾಡಲ್ಲ?” ಎಂದು ನಮ್ಮನ್ನೇ ಕೇಳಿದರು.

ಪರೀಕ್ಷೆಯ ದಿನ ಇದನ್ನು ಆಡಿಯಾಲಜಿಸ್ಟ್‌ಗೆ ಹೇಳಿದೆವು. ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಹೆಡ್‌ಫೋನ್ ತಪ್ಪಲ್ಲ, ಆದರೆ ಉಳಿದ ಕಿವಿಯನ್ನೂ ಅದು ತಿಂದೀತು, ಹೊತ್ತಿಗೆ ಮಿತಿ ಹಾಕಿ ಎಂದರು. ಡಬ್ಬಿಯಲ್ಲಿರುವ ಮಷೀನನ್ನು ಅವರ ಕಿವಿಯ ಗೆರೆಗೆ ತಕ್ಕಂತೆ ಹೊಂದಿಸಿಯೇ ಇರಲಿಲ್ಲವೆಂದು ಅಂದೇ ಗೊತ್ತಾದದ್ದು. ಯಾವುದೋ ಶಿಬಿರದಲ್ಲಿ ಪುಕ್ಕಟೆ ಸಿಕ್ಕದ್ದು, ಹಾಕಿದರೆ ಸಿಳ್ಳೆ ಹೊಡೆಯುತ್ತದೆಂದು ಅಬ್ಬಾ ತೆಗೆದಿಟ್ಟಿದ್ದರು, ನಾವೂ ಹಟ ಎಂದುಕೊಂಡಿದ್ದೆವು. ಕಿವಿಯ ಅಚ್ಚು ತೆಗೆದು ಹೊಸ ಮೋಲ್ಡ್ ಮಾಡಿಸಿ ಹೊಂದಿಸಿದ ಮೇಲೆ ಸಿಳ್ಳೆ ಬಹಳಷ್ಟು ನಿಂತಿದೆ. ಊಟಕ್ಕೆ ಕೂತಾಗ ಹಾಕಿಕೊಳ್ಳುತ್ತಾರೆ. ‘ಸಾರು’ ಈಗ ಹತ್ತಕ್ಕೆ ಏಳು ಸಲ ಸಾರೇ ಆಗಿರುತ್ತದೆ.

ಹೆಡ್‌ಫೋನ್ ಅಬ್ಬಾನ ಮಂಚದ ಮೇಲಿನ ಮೊಳೆಯಲ್ಲಿ ತೂಗುತ್ತಿದೆ. ಹಗಲು ಸಣ್ಣವನದು, ರಾತ್ರಿ ಇಶಾ ಆದ ಮೇಲೆ ಅರ್ಧ ತಾಸು ಅವರದು. ಸದ್ದಿನ ಮಿತಿಯನ್ನು ಸಣ್ಣವನು ಫೋನಿನಲ್ಲಿ ಕಟ್ಟಿಹಾಕಿದ್ದಾನೆ, ಅಬ್ಬಾ ಅದನ್ನು ಬಿಚ್ಚುವುದನ್ನು ಮೊಮ್ಮಗಳಿಂದ ಕಲಿತಿದ್ದಾರೆ. ದೊಡ್ಡವನು ಬಸ್ಸಿನಲ್ಲಿ ಸದ್ದನ್ನು ಮೂರನೇ ಒಂದಕ್ಕೆ ಇಳಿಸಿದ್ದಾನೆ, ಕಮಲಾಪುರ ದಾಟಿದ ಮೇಲೆ ತೆಗೆದು ಜೇಬಿಗೆ ಹಾಕುತ್ತಾನೆ. ರಾತ್ರಿ ಮನೆ ಸುಮ್ಮನಾದಾಗ ಅವನ ಬಲಗಿವಿಯಲ್ಲಿ ಒಂದು ಸಣ್ಣ ಸದ್ದು ಕೇಳುತ್ತದಂತೆ, ದೂರದಲ್ಲೆಲ್ಲೋ ಗಿರಣಿ ನಡೆದಂತೆ. ಅದನ್ನು ಅಬ್ಬಾಗೆ ಇನ್ನೂ ಹೇಳಿಲ್ಲ. ಡಿಸೆಂಬರಿನಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಬರಲು ಹೇಳಿದ್ದಾರೆ. ದತ್ತ ಜಯಂತಿಯೂ ಆಗಲೇ ಬರುತ್ತದೆ. ಮಷೀನು ಹಾಕಿಕೊಂಡರೆ ಮಾಣಿಕನಗರದಲ್ಲಿ ಎಷ್ಟು ದೂರದ ತನಕ ಕೇಳೀತು ಎಂದು ಅಬ್ಬಾ ಮೊನ್ನೆ ವಿಚಾರಿಸುತ್ತಿದ್ದರು.